ಆರು ಗಂಟೆ – ಕೊಟ್ಟೆ

ಗುರುವಾರ ಬೆಳಗಿನ ಒಂಬತ್ತಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಮಗುಚಣ್ಣ ಲ್ಯಾಬಿನ ಬಾಗಿಲು ತಳ್ಳಿದ. ಮೊದಲು ಕಣ್ಣಿಗೆ ಬಿದ್ದದ್ದು ತನ್ನದೇ ಕೈಬರಹ. ದಾಖಲೆ ಪುಸ್ತಕವನ್ನು ಯಾರೋ ಮೇಜಿನ ನಡುವೆ ಬಿಚ್ಚಿಟ್ಟು, ಹಾಳೆ ಹಾರದಂತೆ ಗಾಜಿನ ಕಡ್ಡಿಯೊಂದನ್ನು ಅಡ್ಡ ಇಟ್ಟಿದ್ದರು. ಕಡ್ಡಿಯ ಕೆಳಗೆ, ಮಂಗಳವಾರ ಸಂಜೆಯ ಆರು ಸಾಲುಗಳು. ಮೊದಲ ಐದು ಸೀಸೆಗಳ ಎದುರಿಗೆ ದುಂಡಗೆ, ಒಂದೇ ಸಮನೆ, 'ತೆಗೆದೆ, ತುಂಬಿದೆ' ಎಂದಿತ್ತು. ಆರನೇ ಸೀಸೆಯ ಎದುರಿಗೆ ಅದೇ ಕೈ, ಅದೇ ಶಾಯಿ, ಬೇರೆ ಮಾತು: 'ಆರು ಗಂಟೆ – ಕೊಟ್ಟೆ.' ನಮ್ಮ ಮಕ್ಕಳ ನಡುವೆ ಯಾರದೋ ಮನೆಯ ಮಗು ಬಂದು ಸದ್ದಿಲ್ಲದೆ ಕೂತ ಹಾಗಿತ್ತು ಆ ಸಾಲು. ಅದು ಎಲ್ಲಿಂದ ಎದ್ದು ಬಂದಿದೆ ಎಂಬುದು ಅವನಿಗೆ ನೋಡಿದ ಕೂಡಲೇ ಗೊತ್ತಾಯಿತು. ಗೊತ್ತಾದದ್ದು ಮುಖದಲ್ಲಿ ಕಾಣಿಸದಿರಲೆಂದು ಕೊಡೆಯನ್ನು ಮೂಲೆಗೆ ಒರಗಿಸುವ ನೆಪ ಮಾಡಿ ಬೆನ್ನು ತಿರುಗಿಸಿದ.

"ಅಣ್ಣ, ಆರನೇ ಸೀಸೆಗೆ ಏನು ಕೊಟ್ರಿ?" ಎಂದಳು ಗಡಿಯಾರ. ಸಂಶೋಧನೆ ಮಾಡುವ ಹುಡುಗಿ. ನಿಮಿಷ ತಪ್ಪಿದರೆ ಊಟವನ್ನೂ ಬಿಡುವವಳಾದ್ದರಿಂದ ಲ್ಯಾಬಿನಲ್ಲಿ ಅವಳಿಗೆ ಆ ಹೆಸರು. ಕೇಳುವಾಗ ನಗುತ್ತಲೇ ಇದ್ದಳು.

"ಟೀ ಕೊಟ್ಟಿರ್ತಾರೆ ಬಿಡಿ," ಎಂದ ಉಗ್ರಾಣದವನು, ಕೈಗವಸಿನ ಪೆಟ್ಟಿಗೆ ಇಳಿಸುತ್ತ. "ಮೂರು ದಿನದಿಂದ ಬಿಸಿನೀರಲ್ಲಿ ಕೂತಿದೆ, ಬಾಯಾರಿರತ್ತೆ."

ಮಗುಚಣ್ಣನೂ ನಕ್ಕ. ನಗಬೇಕಾದ ಕಡೆ ನಗುವುದು ಮೂವತ್ತೊಂದು ವರ್ಷದ ಅಭ್ಯಾಸ. ಕಲಸಿದ ಜೆಲ್ ಗಟ್ಟಿಯಾಯಿತೋ ಇಲ್ಲವೋ ಎಂದು ಪುಟ್ಟ ಸೀಸೆಗಳನ್ನು ತಲೆಕೆಳಗಾಗಿ ಮಗುಚಿ ನೋಡುವುದು ಅವನ ಕೆಲಸ. ಮಗುಚಿ ಮೂವತ್ತು ಎಣಿಸುವಷ್ಟರಲ್ಲಿ ಹರಿದು ಬಂದರೆ ನೀರು, ಮೇಲೆಯೇ ನಿಂತರೆ ಜೆಲ್. ಯಾವ ಕಾಲದ ಹುಡುಗರೋ ಇಟ್ಟ ಹೆಸರು ಈಗ ಬಾಗಿಲ ಕಾವಲುಗಾರನ ಬಾಯಲ್ಲೂ ನಿಂತಿದೆ. ಈ ಸಲದ ಜೆಲ್ ಬೇರೆ ಜಾತಿಯದು. ಎರಡು ಬಾಟಲಿ, ಎರಡರಲ್ಲೂ ನೋಡಲು ಬರಿ ನೀರು. ಒಂದರ ಅಣುಸರಪಳಿಗಳ ತುಂಬ ಕಣ್ಣಿಗೆ ಕಾಣದ ಬಟ್ಟಲುಗಳು. ಇನ್ನೊಂದರ ಸರಪಳಿಗಳ ತುಂಬ ಆ ಬಟ್ಟಲಲ್ಲಿ ಕೂರಲು ತಕ್ಕ ಗಾತ್ರದ ಗುಬುಟುಗಳು. ಸೇರಿಸಿದರೆ ಅವು ಇವುಗಳಲ್ಲಿ ಹೋಗಿ ಕೂರುತ್ತವೆ, ನೀರು ನಿಲ್ಲುತ್ತದೆ. ಅಂಟಿಲ್ಲ, ಗಂಟಿಲ್ಲ, ಕೂತಿರುವುದಷ್ಟೇ. ಒಂದು ಎದ್ದು ಹೋಗುತ್ತದೆ, ಇನ್ನೊಂದು ಬಂದು ಕೂರುತ್ತದೆ. ಸೂಜಿಯಲ್ಲಿ ಒತ್ತಿದರೆ ಎಲ್ಲವೂ ಕೈಬಿಟ್ಟು ಹರಿಯುತ್ತವೆ, ಆ ಕಡೆ ಹೊರಬಿದ್ದ ಮೇಲೆ ಮತ್ತೆ ಕೈಹಿಡಿಯುತ್ತವೆ. ಬಾಟಲಿಗಳ ಮೇಲೆ ಗಡಿಯಾರ ಚೀಟಿ ಅಂಟಿಸಿದ್ದಳು: ಬಟ್ಟಲಿನದಕ್ಕೆ 'ಮನೆಯವರು', ಇನ್ನೊಂದಕ್ಕೆ 'ನೆಂಟರು'. ಹೆಂಡತಿ ಹೋದ ಹದಿನೈದನೇ ದಿನ ಅವನು ಕೆಲಸಕ್ಕೆ ಮರಳಿದಾಗ ಅವಳು ಮೇಜಿನ ಆ ತುದಿಯಿಂದ, ತಲೆಯೆತ್ತದೆ, "ಅಣ್ಣ, ಮನೆಯವರು ಮುಗಿದುಹೋದ್ರಾ?" ಎಂದು ಕೇಳಿದ್ದಳು. ಲ್ಯಾಬಿನಲ್ಲಿ ಎಲ್ಲರ ಕೈಯೂ ನಿಂತಿತು. ಅವಳ ಮುಖ ಸುಣ್ಣವಾಯಿತು. "ತಳದಲ್ಲಿ ಸ್ವಲ್ಪ ಇದೆ ಮಗೂ" ಎಂದು ಅವನು ಹೇಳಿದ್ದ. ಅದಾದ ಮೇಲೆ ಒಂದು ವಾರ ಯಾರೂ ಆ ಬಾಟಲಿಯ ಹೆಸರು ಎತ್ತಲಿಲ್ಲ, ಬೆರಳು ತೋರಿಸಿ ಕೇಳುತ್ತಿದ್ದರು. ಮಾತಿಗಿಂತ ಆ ಬೆರಳುಗಳೇ ಹೆಚ್ಚು ಚುಚ್ಚುತ್ತಿದ್ದವು.

"ತಮಾಷೆ ಸಾಕು," ಎಂದಳು ಗಡಿಯಾರ. "ನಾಲ್ಕು ಗಂಟೆಗೆ ಆಸ್ಪತ್ರೆಯವರು ಬರ್ತಾರೆ, ಮೇಷ್ಟ್ರಿಗೆ ಆರೂ ಸೀಸೆಯ ಲೆಕ್ಕ ಬೇಕು. ಕೈತಪ್ಪು ಅಷ್ಟೇ ಅಲ್ವಾ? ಒಂದು ಗೆರೆ ಎಳೆದು 'ತೆಗೆದೆ, ತುಂಬಿದೆ' ಅಂತ ಬರೆದುಬಿಡಿ ಅಣ್ಣ."

ಅವಳೇ ಪೆನ್ನು ಚಾಚಿದಳು. ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಆರು ಸೀಸೆಗಳು ಮೆಲ್ಲಗೆ ತೂಗಾಡುತ್ತಿದ್ದವು, ತೊಟ್ಟಿಲಿಗೆ ಹಾಕಿದ ಆರು ಕೂಸುಗಳ ಹಾಗೆ. ಬೆಳಕು ತಾಗದಂತೆ ಅವಕ್ಕೆ ತಗಡಿನ ಹಾಳೆ ಸುತ್ತಿತ್ತು. ಒಳಗೆ ಮೈಯೊಳಗಿನ ನೀರಿನ ಹದದ ಉಪ್ಪುನೀರು, ತಳದಲ್ಲಿ ಹುರುಳಿಕಾಯಿ ಬೀಜದಷ್ಟು ಜೆಲ್, ಜೆಲ್ಲಿನೊಳಗೆ ನೋವಿನ ಔಷಧ. ನಾಲ್ಕು ಗಂಟೆಗೊಮ್ಮೆ ಒಂದು ಮಿಲಿ ನೀರು ತೆಗೆದು ಎಷ್ಟು ಔಷಧ ಹೊರಬಂದಿದೆ ನೋಡಬೇಕು. ತೆಗೆದಷ್ಟೇ ಹೊಸ ನೀರು ಕೂಡಲೇ ತುಂಬಬೇಕು. ಒಮ್ಮೆ ತುಂಬದೆ ಬಿಟ್ಟರೂ ಮುಂದಿನ ಲೆಕ್ಕವೆಲ್ಲ ಜಾರಿತು. ಎಪ್ಪತ್ತೆರಡು ಗಂಟೆಯ ಕೆಲಸ. ರಾತ್ರಿಯದು ಬೇರೆಯವರದು, ಹಗಲು ಮತ್ತು ಸಂಜೆಯದು ಅವನದು. ಮಂಗಳವಾರ ಸಂಜೆ ಆರಕ್ಕೆ ಆರನೇ ಸೀಸೆಯ ಮುಚ್ಚಳ ಬಿಚ್ಚಿದ್ದು ನೆನಪಿದೆ. ಕಿಟಕಿಯ ಗಾಜಿನ ಮೇಲೆ ಆ ಹೊತ್ತಿನ ಕೆಂಪು ಬಿಸಿಲು ಇದ್ದದ್ದು ನೆನಪಿದೆ. ಮುಚ್ಚಳ ಹಾಕಿದ್ದು ನೆನಪಿದೆ. ನಡುವೆ ಅವನ ಮನಸ್ಸು ಲ್ಯಾಬಿನಲ್ಲಿ ಇರಲಿಲ್ಲ.

"ತುಂಬಿದ್ದು ನೆನಪಿಲ್ಲ ಮಗೂ," ಎಂದ.

"ತುಂಬಿರ್ತೀರ ಅಣ್ಣ. ಕೈ ತಾನಾಗೇ ತುಂಬಿರತ್ತೆ."

"ತುಂಬಿರಬಹುದು. ನೆನಪಿಲ್ಲದ್ದನ್ನ ಬರೆಯೋದು ಹೇಗೆ?"

ಉಗ್ರಾಣದವನು ಪೆಟ್ಟಿಗೆ ಎಣಿಸುವುದನ್ನು ನಿಲ್ಲಿಸಿದ. "ಹೋಗ್ಲಿ, ಇನ್ನೊಂದು ಸಲ ಮಾಡಿದ್ರಾಯ್ತು," ಎಂದ.

"ಮನೆಯವರು ಮುಗಿದಿದೆ," ಎಂದಳು ಗಡಿಯಾರ. ಹೇಳಿದ ಮೇಲೆ ತುಟಿ ಕಚ್ಚಿಕೊಂಡಳು. "ಹೊಸದು ಮಾಡೋಕೆ ಐದು ವಾರ."

"ಹಾಗಾದ್ರೆ ಮುಂದೆ ಬರೆಯೋ ಕೆಲಸ ಬೇರೆಯವರಿಗೆ ಕೊಡಿ. ಅಣ್ಣ ಗಾಜು ತೊಳ್ಕೊಂಡು ಆರಾಮಾಗಿರ್ಲಿ. ವಯಸ್ಸಾಯ್ತು, ಅವರ ತಪ್ಪಲ್ಲ." ಉಗ್ರಾಣದವನು ಕೆಟ್ಟವನಲ್ಲ. ಮಗುಚಣ್ಣನ ಹೆಂಡತಿ ಕಾಯಿಲೆಯಿಂದ ಮಲಗಿದ್ದಾಗ ಎರಡು ಸಲ ಹಣ್ಣು ತಂದುಕೊಟ್ಟವನು. ಅದಕ್ಕೇ ಆ ಮಾತು ಎದೆಗೆ ನೇರವಾಗಿ ಬಂತು.

ಗಡಿಯಾರ ಹಣೆ ತಿಕ್ಕಿಕೊಂಡು ನಿಂತವಳು ಇದ್ದಕ್ಕಿದ್ದಂತೆ ಪುಸ್ತಕದ ಮೊದಲ ಹಾಳೆ ತಿರುವಿದಳು. "ತೂಕ ಇದೆಯಲ್ಲಣ್ಣ! ಸೋಮವಾರ ಇಡೋಕೆ ಮುಂಚೆ ಆರೂ ತೂಗಿದ್ದೀರ, ನೋಡಿ, ನಿಮ್ಮದೇ ಅಕ್ಷರ. ಎರಡು ಗಂಟೆಗೆ ಕೊನೇ ಸಲ ತೆಗೀತೀವಿ, ತುಂಬಲ್ಲ. ಆಗ ತೂಗಿದ್ರೆ ಎಲ್ಲಾದೂ ಒಂದೊಂದು ಗ್ರಾಂ ಇಳಿದಿರ್ಬೇಕು. ಆರನೇದು ಎರಡು ಇಳಿದಿದ್ರೆ ನೀವು ತುಂಬಿಲ್ಲ. ಒಂದೇ ಇಳಿದಿದ್ರೆ ತುಂಬಿದ್ದೀರ. ಅಷ್ಟೇ."

"ಈಗ್ಲೇ ತೂಗಿದ್ರೆ?"

"ಎರಡರವರೆಗೆ ನೀರಿಂದ ಎತ್ತೋ ಹಾಗಿಲ್ಲ, ಬಿಸಿ ಇಳಿದ್ರೆ ಲೆಕ್ಕ ಕೆಡತ್ತೆ, ನಿಮಗೇ ಗೊತ್ತಲ್ಲ."

ಗೊತ್ತು. ಐದು ಗಂಟೆ ಕಾಯಬೇಕು. ಅವನು ಕಿಟಕಿಯ ಬಳಿಯ ತನ್ನ ಸ್ಟೂಲಿಗೆ ಹೋಗಿ, ನಿನ್ನೆ ಕಲಸಿಟ್ಟ ಪರೀಕ್ಷೆಯ ಪುಟ್ಟ ಸೀಸೆಗಳನ್ನು ಒಂದೊಂದಾಗಿ ಎತ್ತಿ ಮಗುಚತೊಡಗಿದ. ಒಂದು, ಎರಡು, ಮೂರು. ಬೆರಳ ನಡುವೆ ತಲೆಕೆಳಗಾದ ಸೀಸೆ, ಮೇಲೆ ಅಂಟಿಕೊಂಡಂತೆ ನಿಂತ ತಿಳಿಯಾದ ಮುದ್ದೆ, ಕೆಳಗೆ ಖಾಲಿ. ಎಣಿಸುವ ಲಯ ಜಪದ್ದೇ ಎಂದು ಅವನಿಗೆ ಈಗ ಗೊತ್ತಿತ್ತು. ಮನೆಯಲ್ಲಿ ಮಾಲೆ ಗೂಟಕ್ಕೆ ನೇತುಹಾಕಿ ನಾಲ್ಕು ತಿಂಗಳಾಗಿತ್ತು. ಮೊದಲೆಲ್ಲ ಸಂಜೆ ಐದೂವರೆಗೆ ದೇವರ ಮುಂದೆ ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳುವವನಲ್ಲ ಎಂದು ಹೆಂಡತಿ ನೆಂಟರ ಮುಂದೆಲ್ಲ ಹೇಳಿ ನಗುತ್ತಿದ್ದಳು. ರಜೆಯ ದಿನ ಬೆಳಗಿನ ಜಪ ಮಧ್ಯಾಹ್ನಕ್ಕೆ ಹೋದಾಗ ತಟ್ಟೆ ಹಾಕಿಟ್ಟು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಹೇಳುವಳು: "ಎಲ್ಲರನ್ನೂ ಕಾಯೋನು ಅವನು ಅಂತೀರಲ್ಲ, ಕಾಯೋನಾದ್ಮೇಲೆ ಇವತ್ತೊಂದಿನ ಸ್ವಲ್ಪ ಕಾಯ್ಲಿ ಬಿಡಿ. ಊಟ ಆರ್ತಿದೆ." ಅವನು ಕಣ್ಣು ತೆರೆಯದೆ ಕೈಬೀಸುತ್ತಿದ್ದ. ಮೂವತ್ತು. ಬೀಳಲಿಲ್ಲ. ಮುಂದಿನದು.

ನೋವು ಅವಳ ಮೂಳೆಗೆ ಇಳಿದ ಮೇಲೆ ಡಾಕ್ಟರು ಹೇಳಿದ್ದು ಒಂದೇ ಮಾತು: ನೋವು ಎದ್ದ ಮೇಲೆ ಕೊಡಬೇಡಿ, ಏಳುವ ಮೊದಲು ಕೊಡಿ, ನಾಲ್ಕು ಗಂಟೆಗೊಮ್ಮೆ, ತಪ್ಪಿಸಬೇಡಿ. ಅವನಿಗೆ ಅದು ತನ್ನ ಕೆಲಸದ್ದೇ ಭಾಷೆ. ಗೆರೆ ಹಾಕಿದ ಪುಸ್ತಕವೊಂದನ್ನು ತಂದು ತಲೆದೆಸೆಯಲ್ಲಿ ಇಟ್ಟ. ಹತ್ತು ಗಂಟೆ – ಕೊಟ್ಟೆ. ಎರಡು ಗಂಟೆ – ಕೊಟ್ಟೆ. ಅವಳು ಅದನ್ನೂ ಬಿಡಲಿಲ್ಲ. "ಏನೇನು ಕೊಟ್ರಿ ಅಂತ ಈಗ ಬರ್ಕೊಳ್ತಿದ್ದೀರಾ? ಮದುವೆಯಾದಾಗಿಂದ ಬರ್ಕೊಂಡಿದ್ರೆ ಒಂದು ಹಾಳೆ ತುಂಬ್ತಿರ್ಲಿಲ್ಲ." ನಕ್ಕರೆ ಪಕ್ಕೆ ನೋಯುತ್ತಿತ್ತು, ಆದರೂ ನಕ್ಕಳು. ಒಂದು ಸಂಜೆ ಮಾತ್ರ, ಅವನು ಜಪಕ್ಕೆ ಕೂತಿದ್ದಾಗ ಪಕ್ಕದಲ್ಲಿಟ್ಟಿದ್ದ ಅಲಾರಂ ಆರಕ್ಕೆ ಹೊಡೆಯಿತು. ಕೇಳಿಸಲಿಲ್ಲ ಎಂದರೆ ಸುಳ್ಳು. ಕೇಳಿಸಿತು; ಕೈಚಾಚಿ ಅದರ ತಲೆ ಅದುಮಿದ. ಇನ್ನೊಂದು ಸುತ್ತು, ಇವಳ ನೋವಿಗಾಗಿಯೇ ಅಲ್ಲವೇ ಮಾಡುತ್ತಿರುವುದು ಎಂದುಕೊಂಡ. ಆಮೇಲೆ ನಡೆದದ್ದನ್ನು ಅವನು ಇದುವರೆಗೆ ಯಾರಿಗೂ ಹೇಳಿಲ್ಲ, ದೇವರಿಗೂ ಬಾಯಿಬಿಟ್ಟು ಹೇಳಿಲ್ಲ. ಅಂಥ ಜಪ ಅವನಿಗೆ ಹತ್ತು ವರ್ಷದಲ್ಲಿ ಒದಗಿರಲಿಲ್ಲ. ಮಣಿಗಳು ತಾವೇ ಸರಿದವು. ಎದೆ ಹಗುರಾಯಿತು. ಒಳಕೋಣೆ, ಮದ್ದಿನ ವಾಸನೆ, ಮಂಚದ ಮೇಲೆ ದಿನದಿನಕ್ಕೆ ಸಣ್ಣದಾಗುತ್ತಿದ್ದ ಮೈ, ಯಾವುದೂ ಇರಲಿಲ್ಲ. ಸುಖವಾಗಿದ್ದ. ಕಣ್ಣು ತೆರೆದಾಗ ಗೋಡೆಯ ಗಡಿಯಾರದಲ್ಲಿ ಆರು ನಲವತ್ತು. ಓಡಿಹೋದ. ಅವಳು ಕರೆದಿರಲಿಲ್ಲ, ನರಳಿರಲಿಲ್ಲ. ಹೊದಿಕೆಯ ಅಂಚು ಒದ್ದೆಯಾಗಿತ್ತು, ಹಲ್ಲಿನ ಗುರುತು ಮೂಡಿತ್ತು. ಹಣೆಯಿಂದ ಬೆವರು ಕಿವಿಗೆ ಇಳಿದಿತ್ತು. "ಜಪ ಆಯ್ತಾ?" ಎಂದಳು. ಅಷ್ಟೇ.

ಔಷಧ ಕೊಟ್ಟ. ಪುಸ್ತಕ ತೆಗೆದುಕೊಂಡ. ಕೈ ಸ್ವಲ್ಪವೂ ನಡುಗಲಿಲ್ಲ ಎಂಬುದೇ ಅವನಿಗೆ ಈಗಲೂ ಸೋಜಿಗ. ದುಂಡಗೆ ಬರೆದ: ಆರು ಗಂಟೆ – ಕೊಟ್ಟೆ. ಏಳಕ್ಕೆ ಮಗಳು ಕೆಲಸದಿಂದ ಬಂದು ಅಮ್ಮನ ಹಣೆ ಮುಟ್ಟಿ, ಪುಸ್ತಕ ನೋಡಿ, "ಆರಕ್ಕೇ ಕೊಟ್ಟಿದ್ದೀಯಲ್ಲಪ್ಪ, ಮತ್ತೆ ಅಮ್ಮ ಯಾಕೆ ಇಷ್ಟು ಬೆವತಿದ್ದಾಳೆ?" ಎಂದಾಗ ಅವನು "ಸೆಕೆ" ಎಂದ. ಮಂಚದ ಮೇಲಿನವಳು ಎಚ್ಚರವಾಗಿಯೇ ಇದ್ದಳು. ಅವನ ಕಡೆ ನೋಡಿದಳು; ಆಮೇಲೆ ಕಣ್ಣು ಮುಚ್ಚಿಕೊಂಡಳು. ಜಪ ಆಯ್ತಾ. ಆ ಎರಡು ಮಾತನ್ನು ನಾಲ್ಕು ತಿಂಗಳಿಂದ ಅವನು ಮಗುಚಿ ಮಗುಚಿ ನೋಡುತ್ತಿದ್ದ. ಹಂಗಿಸಿದಳೇ? ಬೈದಳೇ? ಎಂದಿನಂತೆ ಕೇಳಿದಳಷ್ಟೇ? ಎಷ್ಟು ಮಗುಚಿದರೂ ಅದು ಅಂಟಿಕೊಂಡೇ ನಿಂತಿತ್ತು, ಒಂದು ಹನಿ ಕೆಳಗಿಳಿಯಲಿಲ್ಲ. ದೇವರ ಮುಂದೆ ಕೂತರೆ ಮೂರನೆಯ ಮಣಿಗೇ ಹೊದಿಕೆಯ ಒದ್ದೆ ಅಂಚು ಬೆರಳಿಗೆ ಸಿಗುತ್ತಿತ್ತು.

"ಅಣ್ಣ, ಅದನ್ನ ಐದು ನಿಮಿಷದಿಂದ ಹಿಡ್ಕೊಂಡಿದ್ದೀರ," ಎಂದಳು ಗಡಿಯಾರ. ನೋಡಿದರೆ ಕೈಯ ಕಾವಿಗೆ ಸೀಸೆಯ ಒಳಗೆ ಮಂಜು ಕಟ್ಟಿತ್ತು. ಅವಳು ಪಕ್ಕದಲ್ಲಿ ನಿಂತು, ಕೆಲಸದ ಮಾತೆಂಬಂತೆ ಹೇಳಿದಳು: "ಇದು ಮುಗಿದ್ರೆ ಚರ್ಮದ ಕೆಳಗೆ ಒಂದು ಸೂಜಿ ಅಷ್ಟೇ ಅಣ್ಣ. ಮೂರು ದಿನ ಅದೇ ಕೊಡ್ತಿರತ್ತೆ. ಮನೆಯವರು ಗಂಟೆ ನೋಡ್ತಾ ಕೂರ್ಬೇಕಿಲ್ಲ." ಅವಳ ಮಾತಿನ 'ಮನೆಯವರು' ಈ ಸಲ ಬಾಟಲಿಯಲ್ಲ ಎಂದು ಇಬ್ಬರಿಗೂ ತಿಳಿಯಿತು. ಗಂಟೆ ನೋಡದೆಯೂ ಕೊಡುತ್ತಲೇ ಇರುವುದು. ಯಾವ ಜಪವೂ ಅದಕ್ಕೆ ಅಡ್ಡ ಬರುವುದಿಲ್ಲ. ಅವನಿಗೆ ಹುಡುಗಿಯ ತಲೆ ಮುಟ್ಟಿ ಹರಸಬೇಕೆನಿಸಿತು. ಕೈಗವಸು ಹಾಕಿದ್ದ, ಸುಮ್ಮನಾದ.

ಹತ್ತರ ಸರದಿಯನ್ನು ಸೀಸೆ ಎತ್ತದೆ ತೊಟ್ಟಿಯಲ್ಲೇ ತೆಗೆದು ತುಂಬಿದ್ದಾಯಿತು. ಹನ್ನೆರಡಕ್ಕೆ ಮೇಷ್ಟ್ರು ಬಂದು ಹೋದರು. ಅವರಿಗೆ ವಿಷಯ ಮುಟ್ಟಿತ್ತು. "ಪರವಾಗಿಲ್ಲ, ನೋಡೋಣ," ಎಂದು ಮಗುಚಣ್ಣನ ಹೆಗಲು ತಟ್ಟಿದರು. ಹೆಗಲು ತಟ್ಟಿಸಿಕೊಳ್ಳುವ ವಯಸ್ಸು ಯಾವುದೆಂದು ಅವನಿಗೆ ಗೊತ್ತಿತ್ತು. ಊಟದ ಡಬ್ಬಿಯ ಮುಚ್ಚಳ ತೆರೆದು, ನೋಡಿ, ಮುಚ್ಚಿದ. ತುಂಬಿಲ್ಲ ಎಂದೇ ತೂಕ ಹೇಳಿದರೆ ಏನು ಮಾಡುವುದೆಂದು ಯೋಚಿಸಿದ. ಗಾಜು ತೊಳೆಯಬಹುದು, ಅದೇನೂ ಕೀಳಲ್ಲ. ಆದರೆ ಅಂದು ಬರೆದ ಒಂದು ಸುಳ್ಳು, ಬೀಜ ಬಿದ್ದಂತೆ ಮನಸ್ಸಿನಲ್ಲಿ ಬಿದ್ದು, ಈಗ ಇನ್ನೊಂದು ಪುಸ್ತಕದಲ್ಲಿ ಮೊಳೆತು, ಈ ಹುಡುಗಿಯ ಐದು ವಾರ ತಿಂದು, ಯಾವುದೋ ಊರಿನ ಯಾವುದೋ ಮಂಚದ ಮೇಲೆ ಹೊದಿಕೆ ಕಚ್ಚಿ ಮಲಗಿದವರಿಗೆ ಐದು ವಾರ ತಡವಾಗುವುದಾದರೆ? ಬೇಡ ತಂದೆ, ಎಂದುಕೊಂಡ. ನಾಲ್ಕು ತಿಂಗಳಲ್ಲಿ ಅವನು ದೇವರಿಗೆ ಆಡಿದ ಮೊದಲ ಮಾತು ಅದು.

ಎರಡಕ್ಕೆ ಗಡಿಯಾರ ಸೀಸೆ ಎತ್ತಿಕೊಟ್ಟಳು, ಅವನು ತೆಗೆದ. ಒಂದೊಂದರ ಹೊರಮೈ ಒರೆಸಿ ತಕ್ಕಡಿಯ ಗಾಜಿನ ಗೂಡಿನಲ್ಲಿ ಇಟ್ಟು ಬಾಗಿಲು ಸರಿಸಬೇಕು, ಅಂಕಿ ನಿಲ್ಲುವವರೆಗೆ ಉಸಿರನ್ನೂ ಜೋರಾಗಿ ಬಿಡಬಾರದು. ಮೊದಲನೆಯದು ಒಂದು ಗ್ರಾಂ, ಮೇಲೆ ಕೂದಲೆಳೆಯಷ್ಟು ಇಳಿದಿತ್ತು. ಎರಡನೆಯದೂ ಹಾಗೆಯೇ. ಮೂರು, ನಾಲ್ಕು, ಐದು. ಉಗ್ರಾಣದವನು ಕೈಕಟ್ಟಿ ಬಾಗಿಲಲ್ಲಿ ಬಂದು ನಿಂತಿದ್ದ. ಆರನೆಯದನ್ನು ಇಡುವಾಗ ಸೀಸೆಯ ತಳ ತಟ್ಟೆಗೆ ತಾಗಿ ಸಣ್ಣಗೆ ಸದ್ದಾಯಿತು. ಅಂಕಿಗಳು ಓಡಿದವು, ಹಿಂದೆ ಬಂದವು, ತಡವರಿಸಿದವು. ಅವನು ನೋಡಲಿಲ್ಲ, ಹುಡುಗಿಯ ಮುಖ ನೋಡುತ್ತಿದ್ದ.

"ಒಂದೇ," ಎಂದಳು. ಆಮೇಲೆ ಕೂಗಿದಳು: "ಒಂದೇ ಗ್ರಾಂ ಅಣ್ಣ! ತುಂಬಿದ್ದೀರ!"

"ನಾನು ಹೇಳ್ಲಿಲ್ವಾ, ಕೊಟ್ಟಿದ್ದಾರೆ ಅಂತ," ಎಂದ ಉಗ್ರಾಣದವನು.

"ನೀವು ಟೀ ಅಂದ್ರಿ."

"ಬಾಯಾರಿದವರಿಗೆ ನೀರೂ ಟೀನೇ," ಎಂದವನು ಮಗುಚಣ್ಣನ ಮುಖ ನೋಡದೆ, "ಗಾಜು ತೊಳೆಯೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ," ಎಂದು ಹೊರಟುಹೋದ.

ಹೌದು, ಕೊಟ್ಟಿದ್ದ. ತೆಗೆದಷ್ಟು ನೀರನ್ನು ಸೀಸೆಗೆ ಹಿಂದಕ್ಕೆ ಕೊಟ್ಟಿದ್ದ. ಮನಸ್ಸು ಇಲ್ಲದಿದ್ದರೂ ಕೈ ಕೊಟ್ಟಿತ್ತು. ಸ್ಟೂಲಿನ ಮೇಲೆ ಕೂತು ಪುಸ್ತಕ ಎಳೆದುಕೊಂಡ. ಮೂವತ್ತೊಂದು ವರ್ಷದಲ್ಲಿ ಬಂದ ಹುಡುಗರಿಗೆಲ್ಲ ಮೊದಲ ದಿನ ಅವನೇ ಹೇಳಿಕೊಟ್ಟ ಪಾಠ: ತಪ್ಪನ್ನು ಅಳಿಸಬೇಡ, ಗೀಚಬೇಡ, ಮೇಲೆ ಬಿಳಿ ಬಳಿಯಬೇಡ. ಒಂದೇ ಒಂದು ಗೆರೆ ಎಳೆ. ಕೆಳಗಿನ ತಪ್ಪು ಓದಲು ಬರಬೇಕು. ಪಕ್ಕದಲ್ಲಿ ಸರಿಯಾದದ್ದು ಬರಿ. ಸಹಿ, ತಾರೀಕು. 'ಕೊಟ್ಟೆ'ಯ ಮೇಲೆ ಗೆರೆ ಎಳೆದು, 'ತೆಗೆದೆ, ತುಂಬಿದೆ – ತೂಕದಿಂದ ತಿಳಿದದ್ದು' ಎಂದು ಬರೆದ. ಗೆರೆಯ ಕೆಳಗಿನಿಂದ 'ಕೊಟ್ಟೆ' ಇನ್ನೂ ಇಣುಕುತ್ತಿತ್ತು. ಅದನ್ನು ನೋಡುತ್ತ ಕೇಳಿದ:

"ಮಗೂ, ಇನ್ನೊಂದು ಪುಸ್ತಕದಲ್ಲಿ ಒಂದು ತಪ್ಪಿದೆ. ನಾಲ್ಕು ತಿಂಗಳ ಹಿಂದಿಂದು. ಈಗ ತಿದ್ದಬಹುದಾ?"

"ಯಾವ ಪುಸ್ತಕ ಅಣ್ಣ?"

"ಬೇರೆ."

ಅವಳು ಒಂದು ಗಳಿಗೆ ಅವನನ್ನೇ ನೋಡಿದಳು. "ನೀವೇ ಹೇಳಿಕೊಟ್ಟಿದ್ದಲ್ವಾ? ಯಾವಾಗ ಕಂಡ್ರೂ ಗೆರೆ ಎಳೀಬೇಕು ಅಂತ. ತಪ್ಪು ಹಳೇದಾದ್ರೆ ಸರಿಯಾಗಲ್ಲ ಅಂತ."

ಸಂಜೆ ಮನೆಗೆ ಬಂದವನು ಕಾಲು ತೊಳೆದು, ಅಂಗಿಯನ್ನೂ ಬದಲಿಸದೆ, "ಆ ಪುಸ್ತಕ ಎಲ್ಲಿದೆ?" ಎಂದ. ಮಗಳಿಗೆ ಯಾವ ಪುಸ್ತಕವೆಂದು ಕೇಳಬೇಕಾಗಲಿಲ್ಲ. ಬೀರುವಿನ ಮೇಲಿಂದ ಇಳಿಸಿ, ದೂಳು ಒರೆಸಿ ಕೊಟ್ಟು ಅಲ್ಲಿಯೇ ನಿಂತಳು. ಅವನು ಹಾಳೆ ತಿರುವಿ, ಆ ಸಾಲು ಹುಡುಕಿ, 'ಆರು ಗಂಟೆ'ಯ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದ. ಪಕ್ಕದಲ್ಲಿ ಬರೆದ: ಆರು ನಲವತ್ತು. ಜಪ ಮಾಡುತ್ತಿದ್ದೆ. ಅಂದು ದುಂಡಗೆ ಬಂದ ಅಕ್ಷರ ಈಗ ಸೊಟ್ಟಗಾಯಿತು. ಸಹಿ ಹಾಕಿ ಪುಸ್ತಕ ಮುಚ್ಚಲು ಹೋದಾಗ ಮಗಳು ಬಗ್ಗಿ ಹಾಳೆಯ ಮೇಲೆ ಬೆರಳಿಟ್ಟಳು.

"ತಾರೀಕು ಹಾಕಿಲ್ಲಪ್ಪ."

ಶಾಲೆಯ ಲೆಕ್ಕ ತಪ್ಪಿದಾಗ ಅವಳಿಗೂ ಅವನು ಅದೇ ಪಾಠ ಹೇಳಿದ್ದ. "ಅವತ್ತಿನದಾ?" ಎಂದ, ಹುಡುಗನಂತೆ.

"ತಿದ್ದಿದ ದಿನದ್ದು."

ಇಂದಿನ ತಾರೀಕು ಬರೆದ. ಮಗಳು ಅವನ ಪಕ್ಕದಲ್ಲಿ ಕೂತಳು. "ನಂಗೆ ಗೊತ್ತಿತ್ತು. ಮಾರನೇ ದಿನ ತಲೆ ಬಾಚುವಾಗ ಅಮ್ಮ ಹೇಳಿದ್ಲು. 'ನಿಮ್ಮಪ್ಪನ ದೇವರು ನಿನ್ನೆ ನನ್ನನ್ನೂ ಚೆನ್ನಾಗಿ ಕಾಯಿಸಿಬಿಟ್ಟ ಕಣೆ' ಅಂತ. ಹೇಳಿ ನಕ್ಕಳು, ಪಕ್ಕೆ ಹಿಡ್ಕೊಂಡು. 'ನಿಂಗೆ ಗೊತ್ತು ಅಂತ ಅವರಿಗೆ ಹೇಳ್ಬೇಡ, ಆಮೇಲೆ ಜಪಾನೇ ಬಿಟ್ಟುಬಿಡ್ತಾರೆ' ಅಂದ್ಲು. ನಾನು ಹೇಳ್ಲಿಲ್ಲ. ನೀನು ಹೇಳದಿದ್ರೂ ಬಿಟ್ಟೆ."

ನಕ್ಕಳೇ. ನಕ್ಕಳಂತೆ. ಒಳಗೆ ಎಲ್ಲಿಯೋ ತಲೆಕೆಳಗಾಗಿ ನಿಂತಿದ್ದ ಒಂದು ಸೀಸೆಯಿಂದ ಹನಿ ಸಡಿಲಿತು. ಕಣ್ಣಿಗೆ ಬಂದದ್ದನ್ನು ತೋಳಿನಿಂದ ಒರೆಸಿಕೊಂಡ. ಗೋಡೆಯ ಗಡಿಯಾರ ಆರು ಹೊಡೆಯಿತು. ಮಗಳು ಎದ್ದು ಗೂಟದಿಂದ ಮಾಲೆ ತೆಗೆದು ಅವನ ಮುಂದೆ ಹಿಡಿದಳು. ಅವನು ಅದನ್ನು ತೆಗೆದುಕೊಂಡ, ಕಣ್ಣಿಗೆ ಒತ್ತಿಕೊಂಡ, ಮಡಿಲಲ್ಲಿ ಇಟ್ಟುಕೊಂಡ. ಬೆಳಗಿನಿಂದ ಏನೂ ತಿಂದಿಲ್ಲವೆಂದು ಹೊಟ್ಟೆ ಆಗ ನೆನಪಿಸಿತು.

"ಊಟಕ್ಕೆ ಏನಿದೆ?" ಎಂದ.

"ಇಷ್ಟು ಬೇಗನಾ? ಮತ್ತೆ ಜಪ?"

"ಊಟ ಮೊದಲು. ನೀನೂ ಕೂರು, ಆರಿಹೋಗತ್ತೆ," ಎಂದು ಅವನು ಏಳಲು ಮಗಳ ಕೈಗೆ ಕೈ ಕೊಟ್ಟ. "ಅವನು ಕಾಯ್ತಾನೆ."